ಅಮ್ಮ ತಿರುಗಿಸಿದ ತಿರುಪು

ನಮ್ಮ ಮನೆಯಲ್ಲಿ ಮುಚ್ಚಳವಿರುವ ಯಾವ ಡಬ್ಬಿಯೂ ಸುಲಭಕ್ಕೆ ತೆರೆದುಕೊಳ್ಳುವುದಿಲ್ಲ. ಸಡಿಲವಾದದ್ದು ಏನೇ ಕಣ್ಣಿಗೆ ಬೀಳಲಿ, ಅಮ್ಮನ ಕೈ ಸುಮ್ಮನಿರದು. ತಿರುಗಿಸಿ ಬಿಗಿ ಮಾಡಿಯೇ ತೀರಬೇಕು. ಅಣ್ಣ ಪಾಪ, ಉಪ್ಪಿನ ಬಾಟಲಿ ತೆಗೆಯಲೆಂದೇ ಅಡುಗೆಮನೆಯಲ್ಲಿ ಒಂದು ಇಕ್ಕಳ ಇಟ್ಟುಕೊಂಡಿದ್ದಾನೆ. ಇಂಥ ಮನೆಗೆ ಸೊಸೆಯಾಗಿ ಬಂದವರು, ಬಿಗಿ ಮಾಡುವುದನ್ನೇ ಕಸುಬು ಮಾಡಿಕೊಂಡ ನಮ್ಮ ಅತ್ತಿಗೆ. ಯಾರನ್ನು ಯಾರಿಗೆ ಗಂಟುಹಾಕಬೇಕೆಂದು ಮೇಲಿರುವವನಿಗೆ ಚೆನ್ನಾಗಿ ಗೊತ್ತು.

ಅತ್ತಿಗೆಗೆ ಪ್ರಯೋಗಾಲಯದಲ್ಲಿ ಕೆಲಸ. ಅಂಗೈಯಲ್ಲಿ ಹಿಡಿಸುವ ಉಕ್ಕಿನ ಡಬ್ಬಿ, ಅದರೊಳಗೆ ಮೂತಿಗೆ ಮೂತಿ ಕೊಟ್ಟು ಕೂತ ಎರಡು ವಜ್ರ. ಅವುಗಳ ನಡುವೆ ಲೋಹದ ಆಕ್ಸೈಡಿನ ಒಂದು ಕಣ, ಗೋಡೆಯ ಬಿಳಿ ಬಣ್ಣದಲ್ಲಿರುತ್ತದಲ್ಲ, ಆ ಜಾತಿಯದೇ. ತಿರುಪು ಬಿಗಿ ಮಾಡುತ್ತ ಹೋದರೆ ಭೂಮಿಯ ಆಳದಲ್ಲಿರುವಷ್ಟು ಒತ್ತಡ. ಆಗ ಕಣದೊಳಗಿನ ಪರಮಾಣುಗಳು ಹಳೆಯ ಸಾಲು ಮುರಿದು, ಒತ್ತೊತ್ತಾಗಿ ಬೇರೆಯೇ ಸಾಲು ಕಟ್ಟಿಕೊಳ್ಳುತ್ತವಂತೆ.

"ತುಂಬಿದ ಬಸ್ಸಲ್ಲಿ ಜನ ಸರಿದು ಕೂರ್ತಾರಲ್ಲ, ಹಾಗೆ," ಎಂದಿದ್ದರು ಅತ್ತಿಗೆ.

"ಬಸ್ಸು ಖಾಲಿಯಾದ ಮೇಲೆ?" ಎಂದೆ ನಾನು.

"ಅದೇ ನೋಡು ಪ್ರಶ್ನೆ. ಒತ್ತಡ ಬಿಟ್ರೆ ಕೆಲವು ಹಳೇ ಜಾಗಕ್ಕೆ ವಾಪಸ್ ಹೋಗ್ತವೆ, ಕೆಲವು ಹೋಗಲ್ಲ. ನನ್ನ ಈ ಕಣ ಏನ್ ಮಾಡುತ್ತೆ ಅಂತ ನಂಗೆ ಗೊತ್ತಾಗ್ಬೇಕು."

ಅತ್ತಿಗೆಯ ನಿವೃತ್ತಿ ಹತ್ತಿರವಾಗಿತ್ತು. ಅವರ ಮೇಜನ್ನು ಬೇರೆಯವರಿಗೆ ಕೊಡುವುದೂ ತೀರ್ಮಾನವಾಗಿತ್ತು. ಹೊಸ ವಜ್ರ ಕೇಳಿದರೆ ಮೇಲಧಿಕಾರಿಗಳು ನಗುತ್ತಿದ್ದರು. ಈಗ ಉತ್ತರ ಸಿಗದಿದ್ದರೆ ಇನ್ನೆಂದೂ ಇಲ್ಲ. ಒತ್ತಡ ಏರಿಸುವುದಕ್ಕಿಂತ ಇಳಿಸುವುದಕ್ಕೇ ತಾಳ್ಮೆ ಬೇಕು: ಎಲ್ಲ ತಿರುಪುಗಳನ್ನೂ ಸಮನಾಗಿ, ಕೂದಲೆಳೆಯಷ್ಟು ಸಡಿಲಿಸಿ ಕಾಯಬೇಕು. ಪ್ರಯೋಗಾಲಯಕ್ಕೆ ಸಂಜೆಗೇ ಬೀಗ. ಹಾಗಾಗಿ ಡಬ್ಬಿಯನ್ನು ಊಟದ ಚೀಲದಲ್ಲಿಟ್ಟು ಮನೆಗೆ ತಂದರು. ತಿರುಪುಗಳನ್ನು ಒಂದಿಷ್ಟು ಸಡಿಲಿಸಿ, ಅವನ್ನು ತಿರುಗಿಸುವ ಪುಟ್ಟ ಕೀಲಿಯನ್ನು ಪಕ್ಕದಲ್ಲೇ ಬಿಟ್ಟು ಸ್ನಾನಕ್ಕೆ ಹೋದರು.

ಅಮ್ಮನಿಗೆ ಇನ್ನೇನು ಬೇಕು? 'ಟಕ್' ಎಂಬ ಸದ್ದು ನಾನು ತರಕಾರಿ ಹೆಚ್ಚುತ್ತಿದ್ದಲ್ಲಿಗೂ ಕೇಳಿತು.

"ಒಂದು ತಿರುಪು ಸಡಿಲ ಆಗಿತ್ತಮ್ಮ, ಬಿಗಿ ಮಾಡ್ದೆ," ಎಂದಳು, ಅತ್ತಿಗೆ ಹೊರಗೆ ಬಂದಾಗ.

ಅತ್ತಿಗೆ ಭೂತಗನ್ನಡಿಯಲ್ಲಿ ನೋಡಿದರು. ಒಂದು ವಜ್ರ ಸೀಳಿಹೋಗಿತ್ತು, ಕಣ ಎಲ್ಲಿ ಹೋಯಿತೋ. "ಏನೂ ಆಗಿಲ್ಲ ಅತ್ತೆ," ಎಂದರು. ಊಟಕ್ಕೆ ಮಾತ್ರ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಮಂಗನ ಕೈಗೆ ಮಾಣಿಕ್ಯ ಅಂತಾರಲ್ಲ, ಹಾಗಾಯ್ತು. ಇನ್ನೊಂದು ವಜ್ರ ಎಲ್ಲಿಂದ ಬರುತ್ತಮ್ಮ?" ಎಂದುಬಿಟ್ಟೆ. ಅಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತು ನೀರಿನ ಸದ್ದು.

ಹೊರಬಂದಾಗ ಸೋಪಿನ ನೊರೆ ಮೆತ್ತಿದ ಅಂಗೈಯಲ್ಲಿ ಉಂಗುರವಿತ್ತು. ಅಪ್ಪ ತೊಡಿಸಿದ್ದು, ಅವರು ತೀರಿಕೊಂಡ ಮೇಲೂ ಅವಳು ಅದನ್ನು ಕಳಚಿರಲಿಲ್ಲ.

"ಇದೂ ವಜ್ರಾನೇ. ನಡೆಯುತ್ತಾ ನೋಡು," ಎಂದು ಅತ್ತಿಗೆಯ ಮುಂದಿಟ್ಟಳು.

"ಬೇಡ ಅತ್ತೆ. ಚೂಪು ತುದೀನ ಸಾಣೆ ಹಿಡಿಸಿ ಚಪ್ಪಟೆ ಮಾಡ್ಬೇಕು. ಒಡೆದೂ ಹೋಗ್ಬಹುದು."

"ಬೆರಳ ಮೇಲೆ ಸುಮ್ನೆ ಕೂತಿದೆ. ಒಂದಷ್ಟು ದಿನ ಕೆಲಸ ಮಾಡ್ಲಿ."

ಅತ್ತಿಗೆ ಅತ್ತರು.

ಸಾಣೆ ಹಿಡಿಸಿದ್ದಾಯಿತು, ಹೊಸ ಕಣ ಇಟ್ಟದ್ದಾಯಿತು. ಅಪ್ಪನ ವಜ್ರ ಒತ್ತಡ ತಡೆಯಿತು. ಇಳಿಸುವ ಹೊತ್ತಿಗೆ ಡಬ್ಬಿ ಮತ್ತೆ ನಮ್ಮ ಅಡುಗೆಮನೆಗೇ ಬಂತು. ಈ ಸಲ ಅಮ್ಮ ಕೈಕಟ್ಟಿಕೊಂಡು ಎದುರಿಗೇ ಕೂತಳು. ಅಣ್ಣನನ್ನೂ ಹತ್ತಿರ ಬಿಡಲಿಲ್ಲ.

ಪರಮಾಣುಗಳ ಸಾಲು ತೋರಿಸುವ ಎಕ್ಸ್-ರೇ ಚಿತ್ರ ಬಂದ ಸಂಜೆ ಅತ್ತಿಗೆ ಚಪ್ಪಲಿ ಬಿಡುತ್ತಲೇ ಹೇಳಿದರು, "ವಾಪಸ್ ಹೋಗ್ಲಿಲ್ಲ ಅತ್ತೆ. ಒತ್ತಡ ಪೂರ್ತಿ ಬಿಟ್ರೂ ಹೊಸ ಜೋಡಣೆ ಹಾಗೇ ನಿಂತಿದೆ."

ನಿವೃತ್ತಿಯ ದಿನ ವಜ್ರವನ್ನು ಉಂಗುರಕ್ಕೆ ಕೂರಿಸಿಕೊಂಡು ತಂದರು. "ತುದಿ ಹೋಗಿದೆ ಅತ್ತೆ. ಇದು ಮೊದಲಿನ ಹಾಗಿಲ್ಲ," ಎಂದರು, ತಲೆ ತಗ್ಗಿಸಿ.

"ನಾನಿದೀನಾ ಮೊದಲಿನ ಹಾಗೆ? ಹಾಕು," ಎಂದು ಅಮ್ಮ ಕೈ ಚಾಚಿದಳು.

ಬೆರಳ ಗಂಟು ದಾಟಿಸಲು ಮತ್ತೆ ಸೋಪು ಹಚ್ಚಬೇಕಾಯಿತು.