ನೀರಲ್ಲಿ ಮುಳುಗಿದ ಕುಳ್ಳು

ನಾನು ಲಂಗ ಉಡುತ್ತಿದ್ದ ಕಾಲಕ್ಕೆ ನಮ್ಮ ತ್ಯಾವಣಿಗೆ ಕಡೆ ಹೀರೆ, ಕುಂಬಳದ ಬೀಜ ತರಲು ಯಾರೂ ಅಂಗಡಿಗೆ ಹೋಗುತ್ತಿರಲಿಲ್ಲ. ಹೆಂಗಸರೇ ಬೀಜಗಳನ್ನು ಹಸಿ ಸಗಣಿಯಲ್ಲಿ ಕಲಸಿ, ಅಂಗೈಯಗಲ ಕುಳ್ಳು ತಟ್ಟಿ ಅಡುಗೆಮನೆ ಗೋಡೆಗೆ ಬಡಿಯುತ್ತಿದ್ದರು. ಹೊಗೆ ಕುಡಿದ ಆ ಕುಳ್ಳಿಗೆ ಹುಳ ಮುಟ್ಟುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ಕಿತ್ತು, ಮುರಿದು, ಹಿತ್ತಲಲ್ಲಿ ಊರಿದರಾಯಿತು.

ನಮ್ಮ ಗೋಡೆಯಲ್ಲಿ ಒಂದನ್ನು ಮಾತ್ರ ಯಾರೂ ಕೀಳುತ್ತಿರಲಿಲ್ಲ. ಅಪ್ಪನ ಅಜ್ಜಿ, ನಮ್ಮ ಮುತ್ತಜ್ಜಿ, ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿದ್ದರು. ಶಿವನ ಗುರುತಿದ್ದದ್ದನ್ನು ಮುರಿಯುವುದುಂಟೆ?

ಮುತ್ತಜ್ಜಿಗೆ ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ಬಿದ್ದು ಮಾತೇ ನಿಂತುಹೋಯಿತು. ತಿಂಗಳೊಪ್ಪತ್ತಿಗೆ ಜೀವವೂ ಹೋಯಿತು. ಆಮೇಲೆ ಅವರ ಹನ್ನೊಂದು ಬಂಗಾರದ ನಾಣ್ಯ ಎಲ್ಲಿ ಹುಡುಕಿದರೂ ಸಿಗಲಿಲ್ಲ.

"ಕೊನೇಗಾಲದಾಗೆ ಹತ್ರ ಇದ್ದೋಳು ನೀನೊಬ್ಳೇ ಅಲ್ಲೇನವ್ವಾ?" ಎಂದರು ಅಜ್ಜಿ, ನನ್ನ ಅವ್ವನಿಗೆ.

ಅಷ್ಟೇ ಮಾತು. ಅದು ಅವ್ವನ ತವರು ನಲ್ಲೂರಿಗೂ ಮುಟ್ಟಿತು. ತಾತ ಬಂದು, ಕೊರಳ ಲಿಂಗ ಮುಟ್ಟಿ, "ನನ್ನ ಮಗಳು ಅಂಥೋಳಲ್ಲ" ಎಂದವರು ನೀರೂ ಕುಡಿಯದೆ ಹೋದರು. ಅವತ್ತಿನಿಂದ ಅವರು ಬರಲಿಲ್ಲ, ಅವ್ವ ಹೋಗಲಿಲ್ಲ. ಐದು ವರ್ಷ. ಒಡಹುಟ್ಟಿದ ತಂಗಿ, ನಮ್ಮ ಚಿಕ್ಕಮ್ಮನ ಮದುವೆಗೂ ಅವ್ವ ಹೋಗಲಿಲ್ಲ.

ನನಗೆ ಹತ್ತು ವರ್ಷವಾದ ಬೇಸಿಗೆ ರಜೆಯಲ್ಲಿ ಮನೆಯ ಮಣ್ಣಿನ ಮಾಳಿಗೆ ತೆಗೆದು ಹೆಂಚು ಹೊದಿಸುವುದೆಂದಾಯಿತು. ಮನೆಯೆಲ್ಲ ಬೀದಿಗೆ ಬಂತು! ತೂತು ಬಿದ್ದ ಕೊಳಗ, ಇಲಿ ಕಡಿದ ಕೌದಿ, ಕಳೆದುಹೋಗಿದ್ದ ಚೌಕಾಬಾರದ ಕವಡೆ. ನಾನು, ಚಿಕ್ಕಪ್ಪನ ಮಗಳು ಸರೋಜಿ ಮೂಗಿನ ತನಕ ಧೂಳು ಬಳಿದುಕೊಂಡು, ಒಂದು ಕೈಯಲ್ಲಿ ಮಂಡಕ್ಕಿ ಮುಕ್ಕುತ್ತಾ ಓಡಾಡಿದ್ದೇ ಓಡಾಡಿದ್ದು.

ನಾನು ಗೋಡೆಯ ಕುಳ್ಳು ಕೀಳುವಾಗ ಅಜ್ಜಿ ಕೂಗಿದರು: "ಲೇ, ವಿಭೂತಿ ಹಚ್ಚಿದ್ದು ಅದು! ತಿಪ್ಪಿಗೆ ಒಗೆದೀಯ ಮತ್ತೆ. ನಾಲೆಗೆ ಬಿಟ್ಟು ಕೈ ಮುಗಿದು ಬಾ."

ಸರೋಜಿ ಸುಮ್ಮನೆ ಬರುತ್ತಾಳೆಯೇ? ತಾನೂ ಒಂದು ಬರೀ ಕುಳ್ಳು ಹಿಡಿದುಕೊಂಡಳು. "ಯಾರದ್ದು ಮುಂದೆ ಹೋಗ್ತೈತೆ ನೋಡಾಣ. ಸೋತೋರು ಪೆಪ್ಪರ್‌ಮೆಂಟು ಕೊಡ್ಸಬೇಕು."

ನಾಲೆಯ ಮೆಟ್ಟಿಲ ಮೇಲೆ ನಿಂತು ಇಬ್ಬರೂ ಒಟ್ಟಿಗೆ ಬಿಟ್ಟೆವು. ಅವಳದ್ದು ತೇಲುತ್ತಾ ಹೊರಟಿತು. ನನ್ನದು ಬುಳಕ್ಕೆಂದು ಮುಳುಗಿತು.

"ಕಲ್ಲು ತಂದೀಯೇನೇ ಕೋಡಂಗಿ!"

ನನಗೆ ಸಿಟ್ಟು ಬಂತು. ಕೆಳಗಿನ ಮೆಟ್ಟಿಲಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ತಡಕಿ ಎತ್ತಿದೆ. ಕೈಯಲ್ಲೇ ಕುಳ್ಳು ಬಿರಿಯಿತು. ಮೊದಲು ಕುಂಬಳದ ಬೀಜ. ಅದರ ಹಿಂದೆ ಹಳದಿಯದೇನೋ ಜಾರಿ ಮೆಟ್ಟಿಲ ಮೇಲೆ ಬಿತ್ತು.

"ಸರೋಜೀ, ಬಂಗಾರ ಕಣೇ! ಮುತ್ತಜ್ಜೀದು!"

ಇಬ್ಬರೂ ಲಂಗ ನೆನೆಸಿಕೊಂಡು ಕೂತು ತಡಕಿದೆವು. ಹತ್ತು ಸಿಕ್ಕವು. ಹನ್ನೊಂದನೆಯದಿಲ್ಲ. ಒಂದು ಕಡಿಮೆಯಾದರೂ ಜನ ಅವ್ವನ ಕಡೆಗೇ ನೋಡುತ್ತಾರೆ. "ಶಿವನೇ, ಇನ್ನೊಂದು ಕೊಡಪ್ಪಾ" ಎಂದು ಜೋರಾಗಿಯೇ ಬೇಡಿದೆ. ಸರೋಜಿ ನನ್ನ ಕೈಯಲ್ಲಿ ಉಳಿದಿದ್ದ ಸಗಣಿಯ ಮುದ್ದೆ ಹಿಸುಕಿದಳು. ಹನ್ನೊಂದನೆಯದು ಬೀಜಕ್ಕೆ ಅಂಟಿಕೊಂಡು ಕೂತಿತ್ತು, ಪುಣ್ಯಾತ್ಗಿತ್ತಿ!

ಓಡಿದ ಓಟಕ್ಕೆ ಚಪ್ಪಲಿ ನಾಲೆಯ ಹತ್ತಿರವೇ ಉಳಿದವು. ಅವ್ವ ಮಣ್ಣಿನ ಬುಟ್ಟಿ ಹೊತ್ತು ಏಣಿ ಇಳಿಯುತ್ತಿದ್ದಳು. ನಾನು ಅಜ್ಜಿಯ ಮುಂದೆ ಲಂಗದ ಮಡಿಲು ಬಿಚ್ಚಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಅಜ್ಜಿ ನೋಡಿದರು. ಅಲ್ಲೇ ಕೌದಿಗಳ ಮೇಲೆ ಕೂತುಬಿಟ್ಟರು. "ನನ್ನ ಕೈಯಾಗೆ ಬ್ಯಾಡ. ನಿಮ್ಮವ್ವನ ಕೈಯಾಗೆ ಕೊಡು."

ಅವ್ವ ಕೈ ಚಾಚಲಿಲ್ಲ. "ನಂಗೇನೂ ಬ್ಯಾಡ್ರಿ ಅತ್ತೆ. ನಮ್ಮಪ್ಪಂಗೆ ಒಂದು ಮಾತು ಹೇಳಿ ಕಳಿಸ್ರಿ, ಸಾಕು."

"ಹೇಳಿ ಕಳ್ಸೋದೇನು? ಅಂದೋಳು ನಾನು. ನಾನೇ ಹೋಗಬೇಕು."

ಮರುದಿನ ಬೆಳಗ್ಗೆ, ಅರ್ಧ ಕಿತ್ತ ಮನೆಯನ್ನು ಹಾಗೇ ಬಿಟ್ಟು ಅಜ್ಜಿ, ಅವ್ವ, ನಾನು ಮೂವರೂ ಬಸ್ಸು ಹತ್ತಿದೆವು. ನಲ್ಲೂರಲ್ಲಿ ತಾತ ಅಂಗಳದಲ್ಲಿದ್ದರು. ಅಜ್ಜಿ ಚಾಪೆಯ ಮೇಲೆ ಕೂರಲಿಲ್ಲ. ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿದರು: "ಬೀಗರೇ, ತಪ್ಪು ನಂದು. ನಿಮ್ಮ ಮಗಳ ಕೈ ಶುದ್ಧ ಐತೆ."

ತಾತ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಬಿಸಿಲಾಗೆ ಬಂದೀರಿ. ಒಳಗೆ ಬರ್ರಿ, ನೀರು ಕುಡೀರಿ" ಎಂದರು. ಅವ್ವ ಆಗಲೇ ಅಡುಗೆಮನೆ ಸೇರಿಬಿಟ್ಟಿದ್ದಳು. ತಾಯಿ ಮಗಳು ಒಳಗೆ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ.

ಆ ನಾಣ್ಯಗಳು ಕರಗಿ ಹೆಣ್ಣುಮಕ್ಕಳ ಬಳೆ, ಸರವಾಗಿ ಎಲ್ಲೆಲ್ಲೋ ಹೋದವು. ಅದಕ್ಕೆ ನನಗೆ ಬೇಸರವಿಲ್ಲ. ತಂಗಿಯ ಧಾರೆ ನೋಡುವ ಭಾಗ್ಯ ಅವ್ವನಿಗೆ ತಿರುಗಿ ಬರಲಿಲ್ಲ, ಆ ಬೇಸರ ಈಗಲೂ ಇದೆ. ಇತ್ತೀಚೆಗೆ ನಮ್ಮ ಬಳಗದಲ್ಲಿ ಎರಡು ಮನೆಯವರು ಒಂದು ಮಾತಿಗೆ ಮುನಿಸಿಕೊಂಡು ಮೂರು ವರ್ಷವಾಯಿತು. ತಪ್ಪು ಯಾರದೆಂದು ಎಲ್ಲರಿಗೂ ಗೊತ್ತು. ಬಸ್ಸು ಹತ್ತುವವರಿಲ್ಲ.