ಶನಿವಾರದ ಡ್ರೈವಿಂಗ್ ಕ್ಲಾಸು ಮತ್ತು ನಮ್ಮೆಲ್ಲರ ಸಂಸ್ಕೃತಿ

ನಾವು ಅಮೇರಿಕಾದ ಬೆಲ್‌ವ್ಯೂಗೆ ಬಂದ ಮೊದಲ ಭಾನುವಾರ, ಕ್ರಾಸ್‌ರೋಡ್ಸ್ ಬಸ್ ಸ್ಟಾಪಿನ ಹತ್ತಿರ ಒಬ್ಬ ಮನುಷ್ಯ ಮೈಕು ಹಿಡಿದು ನಿಂತಿದ್ದ. ವಿಗ್ರಹಗಳನ್ನು ಪೂಜಿಸುವವರೆಲ್ಲ ನರಕಕ್ಕೆ ಹೋಗುತ್ತಾರೆ ಎಂದು ಕೂಗುತ್ತಿದ್ದ. ನನ್ನ ಹಣೆಯ ಕುಂಕುಮ ಕಂಡದ್ದೇ ಮೈಕನ್ನು ನನ್ನ ಕಡೆ ತಿರುಗಿಸಿ, ನಿನ್ನ ದೇವರುಗಳೆಲ್ಲ ದೆವ್ವಗಳು ಎಂದ. ಪಕ್ಕದಲ್ಲೇ ಒಬ್ಬ ಪೊಲೀಸಿನವನು ಕಾಫಿ ಕುಡಿಯುತ್ತಿದ್ದ. ನಮ್ಮ ವಿಜಯಪುರದಲ್ಲಿ ಯಾರಾದರೂ ಚೌಕದಲ್ಲಿ ನಿಂತು ಹೀಗೆ ಅಂದಿದ್ದರೆ ಅಂಗಡಿಗಳ ಶಟರುಗಳು ಅಷ್ಟು ಹೊತ್ತಿಗೆ ಕೆಳಗಿಳಿದಿರುತ್ತಿದ್ದವು. ನಾನು ಪೊಲೀಸಿನವನನ್ನು ಕೇಳಿದೆ, ಇವನನ್ನು ಯಾಕೆ ಸುಮ್ಮನೆ ಬಿಟ್ಟಿದ್ದೀರಿ ಎಂದು. ಅವನು ಸಾವಧಾನವಾಗಿ ಹೇಳಿದ: ಅವನಿಗೆ ಮಾತಾಡುವ ಹಕ್ಕಿದೆ, ತಿರುಗಿ ಮಾತಾಡುವ ಹಕ್ಕು ನಿಮಗೂ ಇದೆ. ಅವನು ನಿಮ್ಮ ದಾರಿಗೆ ಅಡ್ಡ ನಿಂತರೆ ಮಾತ್ರ ನನಗೆ ಕೆಲಸ.

ಈ ಮಾತು ಅರಗಲು ನನಗೆ ಬಹಳ ಕಾಲ ಹಿಡಿಯಿತು. ಬಯ್ದವನಿಗೆ ಕಾವಲು, ಬಯ್ಸಿಕೊಂಡವಳಿಗೆ ಉಪದೇಶ. ಇದೆಂಥ ನ್ಯಾಯ ಎಂದು ನನ್ನ ಗಂಡ ಈರಣ್ಣನ ಹತ್ತಿರ ಗೊಣಗಿದೆ. ಅವರು ಮನೆಗೆ ಸಾಮಾನು ತರುವ ಯೋಚನೆಯಲ್ಲಿದ್ದರು.

ನಮ್ಮ ಅಪಾರ್ಟ್‌ಮೆಂಟು ಮರದ್ದು. ಕಾಂಕ್ರೀಟಿನಲ್ಲಿ ಬೆಳೆದ ನಮಗೆ ಗೋಡೆ ತಟ್ಟಿದರೆ ಡಬ್ಬದ ಹಾಗೆ ಸದ್ದು ಬರುವುದೇ ಒಂದು ಅಚ್ಚರಿ. ಮೇಲಿನವರ ಹೆಜ್ಜೆ ನಮಗೆ, ನಮ್ಮದು ಕೆಳಗಿನವರಿಗೆ ಕೇಳುತ್ತದೆ. ಇಲ್ಲಿ ಸಿಗುವ ಜೋಳದ ಹಿಟ್ಟಿಗೆ ಜಿಗಿ ಕಡಿಮೆ, ರೊಟ್ಟಿ ಬಡಿದರೆ ಅಂಚು ಬಿರಿಯುತ್ತದೆ. ಬಿಸಿನೀರಿನಲ್ಲಿ ನಾದಿ ನಾದಿ ಕೊನೆಗೊಂದು ಶನಿವಾರ ರೊಟ್ಟಿ ದುಂಡಗೆ ಬಂತು. ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಗದ್ದಲವಾಯಿತೆಂದು ಬಯ್ಯಲು ಬಂದಿರಬೇಕು ಅಂದುಕೊಂಡು ತೆರೆದರೆ, ಎದುರು ಮನೆಯ ಹೆಂಗಸು. ತಲೆಗೆ ನೀಲಿ ಬಟ್ಟೆ, ಕೈಗೆಲ್ಲ ಹಿಟ್ಟು. ಯಾರೋ ಕೈಯಿಂದ ರೊಟ್ಟಿ ಬಡಿಯುತ್ತಿದ್ದಾರಲ್ಲ, ಯಾರೆಂದು ನೋಡೋಣ ಅಂತ ಬಂದೆ ಎಂದಳು. ಅದೂ ಉರ್ದುವಿನಲ್ಲಿ.

ಅವಳೇ ಪರ್ವೀನ್. ಹೆರಾತಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಶಾಲೆ ಮುಚ್ಚಿಸಿದ ಮೇಲೆ ಗಂಡ ನಾಸಿರ್ ಮತ್ತು ಮಗಳೊಂದಿಗೆ ದೇಶ ಬಿಟ್ಟು ಇಲ್ಲಿಗೆ ಬಂದಿದ್ದಳು. ಚಿಕ್ಕಂದಿನಲ್ಲಿ ಪೇಶಾವರದ ನಿರಾಶ್ರಿತರ ಶಿಬಿರದಲ್ಲಿದ್ದಾಗ ಕಲಿತ ಉರ್ದು ಅವಳದು. ನನ್ನದು ವಿಜಯಪುರದ ನಮ್ಮ ಓಣಿಯದು. ನಾನು 'ಬೇಡ' ಅನ್ನುವುದಕ್ಕೆ 'ನಕ್ಕೋ' ಅಂದಾಗಲೆಲ್ಲ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ನನಗೋ ಆಫೀಸಿನಲ್ಲಿ ಇಂಗ್ಲಿಷು, ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು. ಬೆಲ್‌ವ್ಯೂದಲ್ಲಿ ನನ್ನ ಓಣಿಯ ಮಾತು ಅರ್ಥವಾಗುವ ಮೊದಲ ಜೀವ ಒಬ್ಬ ಅಫ್ಘನ್ ಹೆಂಗಸಾದಳು.

ಈ ಊರಿನಲ್ಲಿ ಕಾರು ಓಡಿಸಲು ಬಾರದವರಿಗೆ ಕಾಲಿದ್ದೂ ಇಲ್ಲದ ಹಾಗೆ. ಲೈಸೆನ್ಸಿಗೆ ಮೊದಲು ರಸ್ತೆ ನಿಯಮಗಳ ಪರೀಕ್ಷೆ ಪಾಸಾಗಬೇಕು. ಪರ್ವೀನ್ ಅದನ್ನು ಪಾಸು ಮಾಡಿದವಳೇ, ಉಳಿದ ಹೆಂಗಸರಿಗೂ ಕಲಿಸುತ್ತೇನೆ ಅಂದಳು. ಅಪಾರ್ಟ್‌ಮೆಂಟಿನವರಿಗೆಲ್ಲ ಸೇರಿದ ಕ್ಲಬ್‌ಹೌಸ್ ಎಂಬ ದೊಡ್ಡ ಕೋಣೆಯಿದೆ. ಶನಿವಾರ ಬೆಳಿಗ್ಗೆ ಅದನ್ನು ನನ್ನ ಹೆಸರಿಗೆ ಕಾದಿರಿಸಿದೆವು. ಅವಳು ಕಲಿಸುವುದು, ನಾನು ಇಂಗ್ಲಿಷಿಗೆ ಒತ್ತಾಸೆ. ಕೆಲವು ಅಫ್ಘನ್ ಹೆಂಗಸರು ಬಂದರು. ಮಗನ ಮನೆಗೆ ಬಂದು ನೆಲೆಸಿದ್ದ ಗುಂಟೂರಿನ ಒಬ್ಬ ಅಜ್ಜಿಯೂ ಬಂದರು. ಸ್ಟಾಪ್ ಚಿಹ್ನೆ ಕಂಡರೆ ಯಾರೂ ಇಲ್ಲದಿದ್ದರೂ ನಿಲ್ಲಬೇಕು ಅಂದಾಗ ಆ ಅಜ್ಜಿ ತೆಲುಗಿನಲ್ಲಿ, ಯಾರೂ ಇಲ್ಲದ ಮೇಲೆ ಯಾಕಮ್ಮಾ ನಿಲ್ಲಬೇಕು ಎಂದು ವಾದ ಹೂಡಿದರು. ಅಂಥ ನಗು ಆ ಕೋಣೆ ಮೊದಲು ಕೇಳಿರಲಿಕ್ಕಿಲ್ಲ.

ಆಮೇಲೆ ಒಂದೊಂದೇ ಕುರ್ಚಿ ಖಾಲಿಯಾಗತೊಡಗಿತು. ವಿಚಾರಿಸಿದರೆ, ಹಿಂದಿನ ಬ್ಲಾಕಿನಲ್ಲಿದ್ದ ಹಮೀದ್ ಎಂಬ ಅಫ್ಘನ್ ಗಂಡಸಿನ ಹೆಸರು ಬಂತು. ಆತ ಯಾವ ಮಸೀದಿಯ ಮೌಲ್ವಿಯೂ ಅಲ್ಲ. ತನ್ನನ್ನು ತಾನೇ ಹಿರಿಯನೆಂದು ನೇಮಿಸಿಕೊಂಡವನು. ಮನೆಮನೆಗೆ ಹೋಗಿ ಗಂಡಸರನ್ನು ಕೂರಿಸಿಕೊಂಡು, ಹೆಂಗಸರು ಒಂಟಿಯಾಗಿ ಕಾರು ಓಡಿಸುವುದು ಧರ್ಮಕ್ಕೆ ವಿರುದ್ಧ, ಆ ಟೀಚರು ನಿಮ್ಮ ಮನೆ ಕೆಡಿಸುತ್ತಾಳೆ ಎನ್ನುತ್ತಿದ್ದ. ನಾಸಿರನಿಗೂ ಹೇಳಿದ. ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ನಾಸಿರ್, ನನ್ನ ಹೆಂಡತಿ ನನಗಿಂತ ಚೆನ್ನಾಗಿ ಓಡಿಸುತ್ತಾಳೆ ಎಂದಷ್ಟೇ ಹೇಳಿ ಮಲಗಲು ಹೋದನಂತೆ. ಎಲ್ಲ ಗಂಡಂದಿರೂ ಹಾಗಿರಲಿಲ್ಲ.

ಹಮೀದನ ಬಾಯಿಗೆ ನಾವು ಹೆದರುವವರಲ್ಲ. ಆದರೆ ಅವನು ಅಪಾರ್ಟ್‌ಮೆಂಟಿನ ಮ್ಯಾನೇಜರ್ ಸೂಸನ್ ಹತ್ತಿರ ಹೋಗಿ, ಈ ಕ್ಲಾಸಿನಿಂದ ನಮ್ಮ ಸಮುದಾಯದ ಧಾರ್ಮಿಕ ಭಾವನೆಗೆ ನೋವಾಗಿದೆ ಎಂದ. ಸೂಸನ್ ಒಳ್ಳೆಯ ಹೆಂಗಸು. ದೀಪಾವಳಿಗೆ ಶುಭಾಶಯ, ಈದ್‌ಗೆ ಶುಭಾಶಯ, ಎಲ್ಲವನ್ನೂ ಆಫೀಸಿನ ಬಾಗಿಲಿಗೆ ಅಂಟಿಸುವವಳು. ಮುಂದಿನ ಶನಿವಾರ ಕ್ಲಬ್‌ಹೌಸಿಗೆ ಹೋದರೆ ಬಾಗಿಲು ಹಾಕಿತ್ತು. ಸೂಸನ್ ಹೊರಗೆ ನಿಂತು ಮೆಲುದನಿಯಲ್ಲಿ, ಎಲ್ಲರ ಜೊತೆ ಮಾತಾಡುವವರೆಗೆ ಕ್ಲಾಸು ಬೇಡ ಅಂದಳು. "ನಾನೊಬ್ಬ ಬಿಳಿ ಹೆಂಗಸು. ನಿಮ್ಮ ಸಂಸ್ಕೃತಿಯಲ್ಲಿ ಯಾವುದು ಸರಿ ಅಂತ ಹೇಳೋಕೆ ನಾನ್ಯಾರು?"

ಪರ್ವೀನಳ ಮುಖ ಸುಣ್ಣದಂತಾಯಿತು. ಅವಳ ಶಾಲೆಯ ಬಾಗಿಲು ಮುಚ್ಚಿದವರು ಬಂದೂಕು ಹಿಡಿದು ಬಂದಿದ್ದರು. ಇಲ್ಲಿ ಮುಚ್ಚಿದವಳು ಕ್ಷಮೆ ಕೇಳುತ್ತಿದ್ದಳು. ಯಾವುದು ಹೆಚ್ಚು ನೋಯಿಸಿತೋ ನಾನು ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪೊಲೀಸಿನವನ ಮಾತು ಅರ್ಥವಾದದ್ದು ಆಗಲೇ. ಮೈಕಿನವನು ನನ್ನ ದೇವರನ್ನು ಬಯ್ದ, ಆದರೆ ನಾನು ಬಸ್ಸು ಹತ್ತುವುದನ್ನು ತಡೆಯಲಿಲ್ಲ. ಹಮೀದ್ ನಮ್ಮ ದಾರಿಗೇ ಅಡ್ಡ ನಿಂತಿದ್ದ, ಅದೂ ಸೂಸನ್‌ಳ ಸೌಜನ್ಯವನ್ನೇ ಕೋಲು ಮಾಡಿಕೊಂಡು.

ಸುದ್ದಿ ನಮ್ಮವರ ವಾಟ್ಸಾಪಿಗೆ ಹೋಗಲು ತಡವಾಗಲಿಲ್ಲ. ಅದೇ ಸಂಜೆ ಕೇಶವ್ ಫೋನ್ ಮಾಡಿದರು. ಮೈಸೂರಿನವರು, ಸೌತ್ ಲೇಕ್ ಯೂನಿಯನ್ ಎಂಬ ಬಡಾವಣೆಯ ದೊಡ್ಡ ಕಂಪನಿಯಲ್ಲಿ ಕೆಲಸ, ನಮ್ಮ ಕನ್ನಡ ಬಳಗದ ಯುಗಾದಿಯ ಉಸ್ತುವಾರಿ ಅವರದೇ.

"ಶೈಲಾ ಅವರೇ, ಇದೇ ಒಳ್ಳೆ ಟೈಮು. ಆ ಜನಕ್ಕೆ ಮನೆ ಬಾಡಿಗೆಗೆ ಕೊಡಬೇಡಿ ಅಂತ ಎಲ್ಲಾರೂ ಸೇರಿ ಮ್ಯಾನೇಜ್‌ಮೆಂಟಿಗೆ ಬರೆಯೋಣ. ನೀವು ಕಣ್ಣಾರೆ ನೋಡಿದೀರಲ್ಲ, ನೀವೇ ಸಾಕ್ಷಿ."

"ಆ ಜನ ಅಂದ್ರೆ ಯಾರು? ಕ್ಲಾಸು ನಿಲ್ಲಿಸಿದವನೋ, ಕ್ಲಾಸು ನಡೆಸಿದವಳೋ?"

"ಎಲ್ಲಾ ಒಂದೇ ಅಲ್ವಾ?"

ಬಸ್ ಸ್ಟಾಪಿನಲ್ಲಿ ಮೈಕಿನವನು ನಿಮ್ಮನ್ನೂ ನನ್ನನ್ನೂ ನರಕಕ್ಕೆ ಕಳಿಸುತ್ತಾನಲ್ಲ, ಕ್ರೈಸ್ತರಿಗೆ ಮನೆ ಕೊಡಬೇಡಿ ಎಂದು ಬರೆದಿರೇನು ಎಂದು ಕೇಳಿದೆ. ಅದು ಬೇರೆ ವಿಷಯ ಅಂದರು. ಬೇರೆ ಹೇಗೆ ಎಂದು ಬಿಡದೆ ಕೇಳಿದೆ. ಪರ್ವೀನಳ ಎದುರು ನಾನು ಸಾಕ್ಷಿ ಹೇಳುವುದಿಲ್ಲ, ಅವಳ ಪಕ್ಕ ನಿಂತು ಹೇಳುತ್ತೇನೆ ಅಂದೆ. ನೀವು ತುಂಬಾ ಬದಲಾಗಿಬಿಟ್ಟಿದೀರಿ ಎಂದು ಅವರು ಫೋನಿಟ್ಟರು. ಆ ವರ್ಷ ಯುಗಾದಿಯ ನಿರೂಪಣೆ ನನಗೆ ಒಪ್ಪಿಸಿದ್ದರು. ಮರುದಿನ ನನ್ನ ಹೆಸರಿನ ಜಾಗದಲ್ಲಿ ಬೇರೆ ಹೆಸರಿತ್ತು. ಹಬ್ಬದ ದಿನ ಬೇವು ಬೆಲ್ಲವನ್ನು ಮನೆಯಲ್ಲೇ ತಿಂದೆವು. ಹೋಳಿಗೆಯನ್ನು ಎದುರು ಮನೆಗೆ ಕೊಟ್ಟು ಬಂದವರು ಈರಣ್ಣ.

ಮಾತುಕತೆಯ ದಿನ ಕ್ಲಬ್‌ಹೌಸಿನಲ್ಲಿ ಸೂಸನ್ ನಮ್ಮನ್ನು ದುಂಡಗೆ ಕೂರಿಸಿದಳು. ಹಮೀದ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಒರಟನಲ್ಲ. ಬಹಳ ವಿನಯದಿಂದ, ನಿಮ್ಮ ದೇಶ ಎಲ್ಲ ಧರ್ಮಗಳನ್ನೂ ಗೌರವಿಸುತ್ತದೆ ಎಂಬ ನಂಬಿಕೆಯಿಂದ ಬಂದವರು ನಾವು ಅಂದ. ಸೂಸನ್ ತಲೆಯಾಡಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪರ್ವೀನ್ ನನ್ನ ಮೊಣಕೈ ಒತ್ತಿ ಎದ್ದು ನಿಂತಳು. ಇಂಗ್ಲಿಷಿನಲ್ಲೇ, ಒಂದೊಂದು ಪದವನ್ನೂ ಹುಡುಕಿ ಇಡುತ್ತ ಮಾತಾಡಿದಳು.

"ನನ್ನ ಸಂಸ್ಕೃತಿ ಏನು ಅಂತ ಅವನನ್ನ ಕೇಳಿದಿರಿ. ನನ್ನನ್ನ ಕೇಳಲಿಲ್ಲ. ನಾನೂ ಅಲ್ಲಿಯವಳೇ. ನನ್ನ ತಾಯಿ ಟೀಚರು, ನಾನು ಟೀಚರು, ನಾನೂ ನಮಾಜು ಮಾಡ್ತೀನಿ. ಇಂಥವರಿಗೆ ಹೆದರಿ ಊರು ಬಿಟ್ಟು ಬಂದೆ. ಇಲ್ಲೂ ಅವರ ಕೈಗೇ ಬಾಗಿಲು ಕೊಡ್ತೀರಾ?"

ಹಮೀದ್, ನನಗೂ ಹಕ್ಕಿದೆ ಅಂದ. ಪರ್ವೀನ್ ಒಪ್ಪಿಕೊಂಡಳು. ಹೊರಗೆ ನಿಂತು ನಾವು ಪಾಪ ಮಾಡುತ್ತಿದ್ದೇವೆ ಅನ್ನಲಿ, ದಿನವೂ ಅನ್ನಲಿ, ಬಾಗಿಲು ಮಾತ್ರ ಅವನು ಮುಚ್ಚುವ ಹಾಗಿಲ್ಲ ಎಂದಳು. ಆಮೇಲೆ ನಾನು ಸೂಸನ್‌ಗೆ ಹೇಳಿದೆ: ನಿನ್ನ ಮಗಳು ಕಾರು ಕಲಿಯಬಾರದು ಅಂತ ನಿಮ್ಮ ಚರ್ಚಿನವನೊಬ್ಬ ಬಂದರೆ ಮಾತುಕತೆಗೆ ಕೂರಿಸುತ್ತೀಯಾ, ಹೊರಗೆ ಕಳಿಸುತ್ತೀಯಾ? ನಿಮ್ಮ ಹೆಣ್ಣುಮಕ್ಕಳಿಗೆ ಒಂದು ಅಳತೆ, ನಮ್ಮವರಿಗೆ ಇನ್ನೊಂದು ಅಳತೆಯಾದರೆ ಅದನ್ನು ಗೌರವ ಅನ್ನಬೇಡ. ಸೂಸನ್‌ಳ ಕೆನ್ನೆ ಕೆಂಪಾಯಿತು. ಶನಿವಾರದಿಂದ ಕ್ಲಾಸು ನಡೆಯಲಿ ಅಂದಳು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜರ್ಮಿನಾ ಎಂಬ ಚುರುಕು ಹುಡುಗಿಯೊಬ್ಬಳು ಮತ್ತೆ ಬರಲೇ ಇಲ್ಲ. ಅವಳ ಗಂಡ ಮನೆ ಬದಲಿಸಿ ಅವಳನ್ನು ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋದ. ಲೈಸೆನ್ಸು ಸಿಕ್ಕ ವಾರವೇ ಪರ್ವೀನ್ ಅಂಗಡಿಯ ಮುಂದೆ ಕಾರು ನಿಲ್ಲಿಸುತ್ತಿದ್ದಾಗ ಯಾರೋ ಅವಳ ತಲೆಯ ಬಟ್ಟೆ ನೋಡಿ, ನಿನ್ನ ದೇಶಕ್ಕೆ ಹೋಗು ಎಂದು ಕೂಗಿದರಂತೆ. ಅವಳು ಕಿಟಕಿ ಇಳಿಸಿ, ಅಲ್ಲಿ ಕಾರು ಓಡಿಸೋಕೆ ಬಿಡಲ್ಲ, ಅದಕ್ಕೇ ಬಂದೆ ಅಂದಳಂತೆ. ಹೇಳುತ್ತ ನಕ್ಕಳು, ಆದರೆ ಆ ದಿನ ಅಂಗಡಿಯೊಳಗೆ ಹೋಗದೆ ಹಾಗೇ ಮನೆಗೆ ಬಂದೆ ಎಂದೂ ಹೇಳಿದಳು.

ಬಂದು ಎಷ್ಟೋ ವರ್ಷಗಳಾದ ಮೇಲೆ, ಕಳೆದ ಬೇಸಿಗೆಯಲ್ಲಿ ನಾನು ಈ ದೇಶದ ಪ್ರಜೆಯಾದೆ. ಪ್ರಮಾಣವಚನಕ್ಕೆ ಬೆಳಿಗ್ಗೆ ಬೇಗನೆ ಟಕ್‌ವಿಲಾದ ವಲಸೆ ಕಚೇರಿಗೆ ಹೋಗಬೇಕಿತ್ತು. ಈರಣ್ಣ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಪರ್ವೀನ್ ಕರೆದುಕೊಂಡು ಹೋದಳು. ಹಿಂದಿನ ದೇಶದ ನಿಷ್ಠೆಯನ್ನು ಪೂರ್ತಿಯಾಗಿ ತೊರೆಯುತ್ತೇನೆ ಎಂದು ಬಲಗೈ ಎತ್ತಿ ಹೇಳುವಾಗ ಆ ಸಾಲಿನಲ್ಲಿ ನಾನು ಉಳಿದವರಿಗಿಂತ ಹಿಂದೆ ಬಿದ್ದೆ. ಪಕ್ಕದಲ್ಲಿದ್ದ ಮುದುಕನೊಬ್ಬ ಅಳುತ್ತಿದ್ದ. ಸಂತೋಷಕ್ಕೋ ಸಂಕಟಕ್ಕೋ ತಿಳಿಯಲಿಲ್ಲ. ಕೈಗೊಂದು ಪುಟ್ಟ ಬಾವುಟ ಕೊಟ್ಟು ಕಳಿಸಿದರು.

ಪಾರ್ಕಿಂಗ್ ಜಾಗಕ್ಕೆ ಬರುವಷ್ಟರಲ್ಲಿ ವಿಜಯಪುರದಿಂದ ಅಕ್ಕನ ಫೋನು. ಅಲ್ಲಿ ರಾತ್ರಿ ಊಟ ಮುಗಿದಿತ್ತು. ಮನೆಯ ಮಾಳಿಗೆಯ ಮೇಲಿನ ಕೋಣೆಯನ್ನು ಒಬ್ಬ ನರ್ಸಿಗೆ ಬಾಡಿಗೆಗೆ ಕೊಡಬೇಕೆಂದಿದ್ದಳಂತೆ. ಹುಡುಗಿ ಮುಸಲ್ಮಾನಳೆಂದು ಗೊತ್ತಾಗಿ ಓಣಿಯವರು ಬಂದು, ಕೊಡಬೇಡ ಅಂದಿದ್ದಾರೆ. ಏನು ಮಾಡಲಿ ಎಂದಳು. ಕೊಡು ಅಂದೆ. ಅಕ್ಕನಿಗೆ ರೇಗಿತು.

"ನೀ ಇವತ್ತಿಂದ ಅಮೇರಿಕಾದಾಕಿ ಆದಿ. ನಮ್ಮ ಓಣಿ ಮಾತು ನಿನಗ್ಯಾಕ?"

"ಪಾಸ್‌ಪೋರ್ಟ್ ಬಿಟ್ಟೇನಿ ಅಕ್ಕಾ, ಓಣಿ ಬಿಟ್ಟಿಲ್ಲ."

ಅಕ್ಕ, "ಹಂಗಾರ ನೀನ ಹೇಳು. ಎಲ್ಲಾರೂ ಇಲ್ಲೇ ಕಟ್ಟಿ ಮ್ಯಾಲೆ ಕುಂತಾರ, ಸ್ಪೀಕರ್ ಹಚ್ತೀನಿ" ಅಂದಳು. ಯಾರೋ ಕೆಮ್ಮಿದ್ದು, ಯಾರೋ ಚಪ್ಪಲಿ ಎಳೆದದ್ದು ಕೇಳಿಸಿತು. ಪರ್ವೀನ್ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದಳು. ಸ್ವಲ್ಪ ತಡಿ ಎಂದು ಬಾವುಟವನ್ನು ಅವಳ ಕೈಗೆ ಕೊಟ್ಟು, ಆ ಬೆಳಗಿನ ಬಿಸಿಲಿನಲ್ಲಿ ನಿಂತು, ನಮ್ಮ ಓಣಿಯವರ ಜೊತೆ ನಾನು ಜಗಳ ಶುರುಮಾಡಿದೆ.