ಬದುವಿನ ಸಾಲಿನ ಸೊಪ್ಪು

ಮೇಲೂರಿನಲ್ಲಿ ನನ್ನ ಹಿಪ್ಪುನೇರಳೆ ತೋಟಕ್ಕೂ ನಮ್ಮಕ್ಕನ ಟೊಮೇಟೊ ತೋಟಕ್ಕೂ ನಡುವೆ ಇರುವುದು ಒಂದೇ ಬದು. ಔಷಧಿ ಹೊಡೆಯುವವರು ಹಿಂದಿನ ದಿನವೇ ಪಕ್ಕದವರಿಗೆ ಹೇಳಬೇಕು, ಪಕ್ಕದವರು ಬದುವಿನ ಸಾಲಿನ ಸೊಪ್ಪು ಕೊಯ್ಯದೆ ಬಿಡಬೇಕು. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಗಾಳಿಗೆ ಹಾರಿದ ಔಷಧಿ ಸೊಪ್ಪಿನ ಮೇಲೆ ಒಂಚೂರು ಕೂತರೂ ರೇಷ್ಮೆ ಹುಳು ಉಳಿಯುವುದಿಲ್ಲ.

ಆ ಸಲ ಹುಳುಗಳಿಗೆ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಕಳೆದಿತ್ತು. ಇನ್ನೊಂದು ವಾರ ಮೇಯಿಸಿದ್ದರೆ ಗೂಡು ಕಟ್ಟುತ್ತಿದ್ದವು. ಬೆಳಗ್ಗೆ ಸೊಪ್ಪು ಹಾಕಿದೆ, ಮಧ್ಯಾಹ್ನಕ್ಕೆ ತಲೆ ಎತ್ತಿ ಒದ್ದಾಡುತ್ತ ಹಸಿರು ನೀರು ಕಕ್ಕತೊಡಗಿದವು. ಅಕ್ಕನ ಮನೆಗೆ ಓಡಿದೆ.

“ಔಷಧಿ ಹೊಡೆದ್ಯೇನಕ್ಕ?”

“ಇಲ್ಲ ಕಣೇ. ಹೊಡೆದಿದ್ರೆ ಹೇಳ್ತಿರ್ಲಿಲ್ವಾ? ತಂದ ಮರೀಲೇ ರೋಗ ಇರ್ಬೇಕು ನೋಡು.”

ಒಡಹುಟ್ಟಿದವಳು, ಒಂದೇ ಚರ್ಚಿಗೆ ಹೋಗುವವಳು. ನಂಬಿದೆ. ಸತ್ತ ಹುಳುಗಳ ಮುಂದೆ ನನ್ನ ಕೈ ಹಿಡಿದು ಪ್ರಾರ್ಥನೆ ಬೇರೆ ಮಾಡಿದಳು ಮಹಾತಾಯಿ. ಮಾರನೇ ದಿನ ಶಿಡ್ಲಘಟ್ಟಕ್ಕೆ ಹೋಗಿ, ಮರಿಹುಳು ಸಾಕಿ ಕೊಡುವ ಭಾಯಿಯನ್ನು ಬೀದಿಯ ಜನ ಸೇರುವಂತೆ ಬೈದೆ. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು.

ಶುಭ ಶುಕ್ರವಾರದ ಆರಾಧನೆಯಲ್ಲಿ ಅವಳು ಎದ್ದು ನಿಂತಳು. ಅಂದು ಔಷಧಿ ಹೊಡೆದಿದ್ದು ನಿಜ, ಹೇಳುವುದು ಮರೆತಿದ್ದೆ, ಆಮೇಲೆ ಹೆದರಿ ಸುಳ್ಳಾಡಿದೆ ಎಂದು ಅತ್ತಳು. ಇಡೀ ಸಭೆಯ ಜೊತೆ ನಾನೂ ಆಗಲೇ ಕೇಳಿದ್ದು. ನನ್ನ ಕಿವಿಗೆ ಮೊದಲು ಹಾಕಬೇಕೆಂದು ಅವಳಿಗೆ ಅನಿಸಲೇ ಇಲ್ಲ. ಆರಾಧನೆ ನಡೆಸುವ ಅಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟು, ಕರ್ತನು ನಿನ್ನ ಪಾಪವನ್ನು ಶಿಲುಬೆಯಲ್ಲಿ ಹೊತ್ತಾಯಿತು ಎಂದರು. ಎಲ್ಲರೂ ಆಮೆನ್ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆರಾಧನೆ ಮುಗಿದ ಮೇಲೆ ಅಯ್ಯನವರನ್ನು ಬಾಗಿಲಲ್ಲೇ ತಡೆದೆ. “ಹುಳ ಸತ್ತಿದ್ದು ನನ್ನವು. ಕ್ಷಮಿಸೋಕೆ ನೀವ್ಯಾರು?”

“ಕೃಪೆ ಅಂದ್ರೆ ಪುಕ್ಕಟೆ ಸಿಕ್ಕೋದು ಅಂತಾರಲ್ಲಮ್ಮ, ಪಡೆಯೋರಿಗೆ ಮಾತ್ರ ಪುಕ್ಕಟೆ,” ಎಂದರು ಅವರು. “ಕೊಡೋರಿಗೆ ನೋವು ತಪ್ಪಿದ್ದಲ್ಲ. ಅದನ್ನ ನೆನೆಯೋಕೇ ಈ ದಿನ ಇರೋದು.”

ನೋವು ತಿನ್ನುವ ಪಾಳಿ ಮತ್ತೆ ನನ್ನದೇ ಎಂದಾಯಿತು. ಚೆನ್ನಾಗಿದೆ ನ್ಯಾಯ, ಎಂದು ಗೊಣಗುತ್ತ ಮನೆಗೆ ಬಂದೆ.

ಆದರೆ ಭಾಯಿಯ ಮುಖ ಕಣ್ಣಿಗೆ ಕಟ್ಟಿತ್ತು. ಮರುವಾರ ಶಿಡ್ಲಘಟ್ಟಕ್ಕೆ ಹೋಗಿ, ತಪ್ಪು ನಿಮ್ಮದಲ್ಲ, ಸುಮ್ಮನೆ ಬೈದುಬಿಟ್ಟೆ ಎಂದೆ. ಅವರೂ ನಾಲ್ಕು ಮಾತು ಬೈಯಲಿ ಎಂದೇ ಹೋಗಿದ್ದೆ. ಅವರು ಕುರ್ಚಿ ಎಳೆದು ಹಾಕಿ, “ಹೋಗ್ಲಿ ಬಿಡಮ್ಮ. ಟೀ ಕುಡಿ. ಮರಿ ಯಾವತ್ತು ಬೇಕು?” ಎಂದರು. ಟೀ ಕುಡಿದು, ಮರಿಗೆ ದಿನ ಹೇಳಿ ಬಂದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಆ ಮರಿಗಳೂ ನಾಲ್ಕನೇ ಜ್ವರ ಕಳೆದು ಹಗಲೂ ರಾತ್ರಿ ಸೊಪ್ಪು ಕೇಳುವ ಹೊತ್ತಿಗೆ, ಒಂದು ಬೆಳಗ್ಗೆ ಅಕ್ಕ ಕರೆಯದೇ ಬಂದು ನನ್ನ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹುಳು ಮನೆಯ ಬಾಗಿಲಿಗೆ ಹೊರೆ ಇಳಿಸಿದಳು. ನಾನು ಅವಳ ಕಣ್ಣೆದುರೇ ಒಂದು ಹಿಡಿ ಸೊಪ್ಪು ತೆಗೆದು, ಔಷಧಿಯ ವಾಸನೆ ಇದೆಯೇ ಎಂದು ಮೂಸಿದೆ. ಎರಡನೇ ಹೊರೆಯನ್ನೂ ಮೂಸಿದೆ. ನೋಯಲಿ ಎಂದೇ ಮಾಡಿದ್ದು, ಸುಳ್ಳೇಕೆ ಹೇಳಲಿ.

ಮೂರನೆಯದು ಬದುವಿನ ಸಾಲಿನದು. ಅವಳೇ ಒಂದು ಹಿಡಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.

“ನೋಡ್ಬಿಡು,” ಎಂದಳು. “ದಿನಾ ನೋಡು.”

ನನಗೆ ಅವಳ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೂ ಆ ಕೈಯನ್ನು ಪಕ್ಕಕ್ಕೆ ಸರಿಸಿದೆ. ಹೊರೆ ಎತ್ತಿಕೊಂಡು ಒಳಗೆ ಹೋಗಿ, ಮೂಸದೆಯೇ ಹುಳುಗಳ ಮೇಲೆ ಹಾಸಿದೆ. ಸಂಜೆಯವರೆಗೂ ಅಲ್ಲೇ ಕೂತು ಯಾವುದಾದರೂ ತಲೆ ಎತ್ತಿ ಒದ್ದಾಡೀತೇನೋ ಎಂದು ಒಂದೊಂದು ಹುಳುವನ್ನೂ ನೋಡುತ್ತಿದ್ದೆ.